ಹೂಳಿಗೆ ಎಡೆಗೊಟ್ಟ ಹೊಲಗಳು

ಬಂಗಾಳದ ನೈಋತ್ಯ ಭಾಗದಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಖುಲ್ನಾ, ಜೆಸ್ಸೋರ್, ಸಾತಖೀರಾ ಜಿಲ್ಲೆಗಳಲ್ಲಿ, ಭೈರವ, ಕಪೋತಾಕ್ಷ, ಭದ್ರಾ, ಹರಿ ಎಂಬ ಹೆಸರಿನ ನದಿಗಳಿವೆ. ಮೈಕೇಲ್ ಮಧುಸೂದನ ದತ್ತನು ಹುಟ್ಟಿದ ಸಾಗರದಾಡಿ ಗ್ರಾಮವು ಇವುಗಳಲ್ಲೊಂದಾದ ಕಪೋತಾಕ್ಷದ ದಡದ ಮೇಲಿದೆ. ದೂರದ ಫ್ರಾನ್ಸಿನಲ್ಲಿ ಕುಳಿತು ಆ ಕವಿಯು ನೆನೆದು ಹಾಡಿದುದು ಈ ಹೊಳೆಯನ್ನೇ. ವಂಶದಿಂದ ಇವೆಲ್ಲವೂ ಗಂಗೆಯ ಕವಲುಗಳಾದರೂ, ಗಂಗೆಯ ಮುಖ್ಯ ಪ್ರವಾಹವು ಶತಮಾನಗಳ ಕಾಲ ಪೂರ್ವಾಭಿಮುಖವಾಗಿ ಸರಿಯುತ್ತ ಪದ್ಮೆಯೆನಿಸಿಕೊಂಡು ಬ್ರಹ್ಮಪುತ್ರ ಮೇಘನಾಗಳೊಡನೆ ಬೆರೆತ ಮೇಲೆ, ಈ ಪಶ್ಚಿಮದ ಕವಲುಗಳಿಗೆ ಮೇಲಿನಿಂದ ಬರುವ ಸಿಹಿನೀರು ವರ್ಷದಿಂದ ವರ್ಷಕ್ಕೆ ಕ್ಷೀಣಿಸಿತು. ಅಂದಿನಿಂದ ಇವುಗಳಿಗೆ ಸಮುದ್ರವೇ ಆಧಾರವಾಯಿತು. ದಿನಕ್ಕೆರಡು ಸಲ ಭರತದ ನೀರು ಬಹುದೂರ ಒಳನಾಡಿಗೆ ಏರಿ ಬರುವುದು, ಎರಡು ಸಲ ಇಳಿದು ಹೋಗುವುದು. ಈ ಉಚ್ಛ್ವಾಸ ನಿಶ್ವಾಸಗಳಿಂದಲೇ ಆ ನದಿಗಳು ಜೀವ ಹಿಡಿದುಕೊಂಡಿದ್ದುವು.

ಹೀಗೆ ಏರಿ ಬರುವ ನೀರು ಬರಿಯ ನೀರಲ್ಲ. ಗಂಗಾ ಬ್ರಹ್ಮಪುತ್ರಗಳು ಹಿಮಾಲಯದಿಂದ ವರ್ಷವೊಂದಕ್ಕೆ ಸುಮಾರು 100 ಕೋಟಿ ಟನ್ ಮಣ್ಣನ್ನು ಹೊತ್ತು ತಂದು ಬಂಗಾಳಕೊಲ್ಲಿಗೆ ಸುರಿಯುತ್ತವೆ. ಅದರಲ್ಲಿ ಒಂದು ಪಾಲನ್ನು ಕಡಲಿನ ಸೆಳೆತವು ಕರಾವಳಿಯುದ್ದಕ್ಕೂ ಪಶ್ಚಿಮಕ್ಕೆ ಎಳೆದು ತರುವುದು, ಭರತವು ಅದನ್ನು ನದೀಮುಖಗಳ ಮೂಲಕ ಪುನಃ ನಾಡಿನೊಳಕ್ಕೆ ನೂಕುವುದು. ಆ ಹೂಳು ಎಲ್ಲಿಯಾದರೂ ತಂಗಲೇಬೇಕು. ನದಿಗಳ ನಡುನಡುವೆ ಹರಡಿಕೊಂಡಿರುವ, ಬೀಲ್ ಎಂದು ಅಲ್ಲಿಯವರು ಕರೆಯುವ ವಿಶಾಲವಾದ ತಗ್ಗುಪ್ರದೇಶಗಳು ಅದರ ಸಹಜವಾದ ತಂಗುದಾಣಗಳಾಗಿದ್ದುವು. ಭರತದ ನೀರು ಬೀಲುಗಳ ಮೇಲೆ ಹರಡಿ, ವೇಗ ಕಳೆದುಕೊಂಡು, ಮಣ್ಣನ್ನು ಅಲ್ಲಿಯೇ ಬಿಟ್ಟು, ತಿಳಿಯಾಗಿ ಹಿಂತಿರುಗುವುದು. ಹಿಂತಿರುಗುವಾಗ ಅಷ್ಟೊಂದು ನೀರು ಒಮ್ಮೆಗೇ ಪಾತ್ರದೊಳಕ್ಕೆ ನುಗ್ಗುವುದರಿಂದ ನದಿಯ ತಳವು ತಾನಾಗಿಯೇ ಕೊರೆದು ಆಳವಾಗುವುದು. ಒಂದು ಹೊಲ ಎತ್ತರವಾಗುತ್ತಿತ್ತು, ಒಂದು ಹೊಳೆ ಆಳವಾಗುತ್ತಿತ್ತು. ಎರಡನ್ನೂ ಮಾಡುತ್ತಿದ್ದುದು ಅದೇ ನೀರು. ಮುಂದಿನ ಕಥೆಯೆಲ್ಲವೂ ಈ ಸರಳವಾದ ಸಂಬಂಧವು ಕಡಿದುಹೋದ ಕಥೆ, ಮತ್ತು ಅದನ್ನು ಮತ್ತೆ ಕೂಡಿಸಲು ಹೊರಟವರು ಪಟ್ಟ ಪಾಡಿನ ಕಥೆ.

ಅಲ್ಲಿಯ ರೈತರು ಈ ಸಂಬಂಧವನ್ನು ಅರಿತೇ ಬಾಳಿದರು. ಜಮೀನ್ದಾರರ ಕಾಲದಲ್ಲಿ ಬೀಲುಗಳ ಸುತ್ತ ತಗ್ಗಾದ ಮಣ್ಣಿನ ಒಡ್ಡುಗಳನ್ನು ಹಾಕಿ, ಮರದ ತೂಬುಗಳನ್ನಿಟ್ಟು, ಉಪ್ಪುನೀರು ಬತ್ತದ ಪೈರಿಗೆ ತಾಗದಂತೆ ವರ್ಷದ ಎಂಟು ತಿಂಗಳು ಕಾಪಾಡುತ್ತಿದ್ದರು; ಆದುದರಿಂದಲೇ ಅವುಗಳಿಗೆ ಅಷ್ಟಮಾಸಿ ಬಾಂಧ್ ಎಂಬ ಹೆಸರು. ಕೊಯ್ಲು ಮುಗಿದ ಮೇಲೆ ಒಡ್ಡನ್ನು ಕಡಿದು ಭರತಕ್ಕೆ ದಾರಿ ಮಾಡಿಕೊಡುವುದು, ಹೂಳು ಹೊಲದ ಮೇಲೆ ಕೂರುವಂತೆ ಬಿಡುವುದು, ಮಳೆ ಬಂದು ಉಪ್ಪನ್ನು ತೊಳೆದ ಮೇಲೆ ಮತ್ತೆ ಒಡ್ಡು ಕಟ್ಟಿ ಬಿತ್ತುವುದು, ಇದು ಕ್ರಮ. ಗಟ್ಟಿಮುಟ್ಟಾದ ಒಡ್ಡು ಕಟ್ಟಲು ಬಾರದ ಜನರ ಅಸಹಾಯಕತೆಯೆಂದು ಇದನ್ನು ತಿಳಿದವರು ಮುಂದೆ ಬಹಳ ಮಂದಿ ಬಂದರು. ಒಡ್ಡು ತಾತ್ಕಾಲಿಕವಾಗಿದ್ದುದೇ ಅದರ ಸತ್ತ್ವವೆಂಬುದು ತಿಳಿದುಬರಲು ಮೂರು ದಶಕಗಳೇ ಬೇಕಾದುವು.

ಈ ಹಳೆಯ ಪದ್ಧತಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಈಜಿಪ್ಟಿನ ನೀರಾವರಿಯಲ್ಲಿ ಹೆಸರಾದ ವಿಲಿಯಂ ವಿಲ್‌ಕಾಕ್ಸ್ ಎಂಬ ಎಂಜಿನಿಯರು 1930ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಕೆನ್ನೀರಿನ ಪ್ರವಾಹವನ್ನು ಹೊಲಗಳಿಗೆ ಹಾಯಿಸಿಕೊಳ್ಳುವ ಪ್ರಾಚೀನ ಕ್ರಮವೊಂದು ಬಂಗಾಳದಲ್ಲಿತ್ತೆಂದೂ, ಒಡ್ಡುಗಳ ಮೇಲಿನ ವ್ಯಾಮೋಹದಿಂದ ಅದು ನಾಶವಾಯಿತೆಂದೂ ವಾದಿಸಿದನು. ಸರಕಾರದ ಎಂಜಿನಿಯರುಗಳು ಅದನ್ನು ಒಪ್ಪಲಿಲ್ಲ. ಇಫ್ತಿಖಾರ್ ಇಕ್ಬಾಲರಂಥ ಈಚಿನ ಇತಿಹಾಸಕಾರರು, ನೀರಿನ ಸಹಜ ಹರಿವು ಕೆಡಲು ವಸಾಹತು ಕಾಲದ ರೈಲುಹಾದಿಯ ಏರಿಗಳೂ ಕಾರಣವೆಂದು ತೋರಿಸಿಕೊಟ್ಟಿದ್ದಾರೆ. ಅಷ್ಟಮಾಸಿ ಒಡ್ಡುಗಳ ಹಿಂದೆ ಜಮೀನ್ದಾರನ ದರ್ಪವೂ ಬಡವರ ಬಿಟ್ಟಿದುಡಿಮೆಯೂ ಇದ್ದುವೆಂಬ ಮಾತನ್ನು ಮರೆಯುವುದು ನ್ಯಾಯವಲ್ಲ. ಆದರೆ ದರ್ಪದೊಡನೆ ಒಂದು ಹೊಣೆಯೂ ಇದ್ದಿತು: ಯಾವ ವರ್ಷ ಎಲ್ಲಿ ಒಡ್ಡು ಹಾಕಬೇಕು, ಎಲ್ಲಿ ಕಡಿಯಬೇಕು ಎಂಬುದನ್ನು ನಿರ್ಧರಿಸಿ, ಅದಕ್ಕೆ ಆಳು ಕೂಡಿಸುವವರೊಬ್ಬರಿದ್ದರು. 1950ರ ಶಾಸನವು ಪೂರ್ವ ಬಂಗಾಳದ ಜಮೀನ್ದಾರಿಯನ್ನು ರದ್ದುಗೊಳಿಸಿತು. ಅದು ಆಗಬೇಕಾದ ಸುಧಾರಣೆಯೇ ಆಗಿದ್ದಿತು. ಒಡ್ಡುಗಳ ಹೊಣೆಯನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ಹಾಳುಬಿದ್ದ ಒಡ್ಡುಗಳ ಮೇಲೆ ಉಪ್ಪುನೀರು ಹಾಯ್ದು ಬೆಳೆ ಕೆಡುವುದು ಆ ವರ್ಷಗಳಲ್ಲಿ ಸಾಮಾನ್ಯವಾಯಿತು.

1954 ಮತ್ತು 1955ರಲ್ಲಿ ಮೇಲಿಂದ ಮೇಲೆ ಬಂದ ಮಹಾಪೂರಗಳು ಆಗ ಪೂರ್ವ ಬಂಗಾಳವನ್ನಾಳುತ್ತಿದ್ದ ಪಾಕಿಸ್ತಾನ ಸರಕಾರವನ್ನು ಎಚ್ಚರಿಸಿದುವು. ಹಿಂದೆ ಅಮೆರಿಕೆಯ ಒಳಾಡಳಿತ ಸಚಿವನಾಗಿದ್ದ ಜೂಲಿಯಸ್ ಕ್ರುಗ್ ಎಂಬವನ ನೇತೃತ್ವದಲ್ಲಿ ವಿಶ್ವಸಂಸ್ಥೆಯ ನಿಯೋಗವೊಂದು ಬಂದು, 1957ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1959ರಲ್ಲಿ ಜಲ ಮತ್ತು ವಿದ್ಯುತ್ತಿನ ಅಭಿವೃದ್ಧಿಗಾಗಿ ಒಂದು ಸಂಸ್ಥೆ ಹುಟ್ಟಿತು. 1960ರ ದಶಕದಲ್ಲಿ ಅಮೆರಿಕೆಯ ಧನಸಹಾಯದಿಂದ ಕರಾವಳಿಯ ಒಡ್ಡುಗಳ ಯೋಜನೆಯು ಆರಂಭವಾಯಿತು. ಹಾಲೆಂಡಿನವರು ಸಮುದ್ರದಿಂದ ನೆಲವನ್ನು ಗೆದ್ದುಕೊಳ್ಳುವ ರೀತಿಯಲ್ಲಿ, ಒಂದೊಂದು ತಗ್ಗಿನ ಸುತ್ತಲೂ ವರ್ಷವಿಡೀ ನಿಲ್ಲುವ ಎತ್ತರದ ಏರಿಯನ್ನು ಕಟ್ಟಿ, ಮಳೆಯ ನೀರು ಹೊರಹೋಗಲು ಕಬ್ಬಿಣದ ಬಾಗಿಲುಗಳ ತೂಬುಗಳನ್ನಿಟ್ಟು, ಪೋಲ್ಡರುಗಳೆಂಬ ಆವರಣಗಳನ್ನು ರಚಿಸಿದರು. ಇಂದು ಬಾಂಗ್ಲಾದೇಶದ ಕರಾವಳಿಯಲ್ಲಿ ಇಂಥವು 139 ಇವೆ. ಜೆಸ್ಸೋರ್ ಜಿಲ್ಲೆಯ ಭವದಹವೆಂಬಲ್ಲಿ ಕಟ್ಟಿದ 21 ಕಂಡಿಗಳ ತೂಬು ಆ ಕಾಲದ ಎಂಜಿನಿಯರುಗಳ ಆತ್ಮವಿಶ್ವಾಸಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ.

ಆ ಆತ್ಮವಿಶ್ವಾಸವು ಆಧಾರವಿಲ್ಲದ್ದೆನ್ನಲಾಗದು. ಹತ್ತು ಹದಿನೈದು ವರ್ಷಗಳ ಕಾಲ ಉಪ್ಪಿನ ಭಯವಿಲ್ಲದೆ ಬತ್ತ ಬೆಳೆಯಿತು, ಹಿಂದೆ ಬೀಳುಬಿದ್ದಿದ್ದ ನೆಲದಲ್ಲಿಯೂ ಸಾಗುವಳಿ ನಡೆಯಿತು, ಏರಿಗಳು ಊರೂರಿಗೆ ರಸ್ತೆಗಳಾದುವು. ಆ ಸಮೃದ್ಧಿಯನ್ನು ಕಂಡವರು ಏರಿ ಕಟ್ಟಿದವರನ್ನು ಹರಸಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಬೀಲುಗಳ ಬಾಗಿಲು ಮುಚ್ಚಿದ ಮೇಲೆ ಹೂಳು ಬರುವುದು ನಿಂತಿತೇ? ಇಲ್ಲ, ಅದು ಹಿಂದಿನಂತೆಯೇ ಬಂದಿತು, ಹರಡಲು ಎಡೆಯಿಲ್ಲದೆ ನದಿಯ ಪಾತ್ರದಲ್ಲಿಯೇ ಕುಳಿತಿತು. ಚಳಿಗಾಲ ಬೇಸಗೆಗಳಲ್ಲಿ ಮೇಲಿನಿಂದ ನೀರು ಬಾರದಿರುವಾಗ ಭರತವು ಅಲ್ಪಕಾಲದಲ್ಲಿ ರಭಸದಿಂದ ಏರುವುದು, ಇಳಿತವು ದೀರ್ಘಕಾಲ ಮಂದವಾಗಿ ಸಾಗುವುದು. ರಭಸದ ನೀರು ತಂದ ಮಣ್ಣನ್ನು ಮಂದಗತಿಯ ನೀರು ಹಿಂದಕ್ಕೆ ಒಯ್ಯಲಾರದು. ಬೀಲುಗಳು ತೆರೆದಿದ್ದಾಗ ಇಳಿತದ ಜೊತೆಗೆ ಅಪಾರವಾದ ನೀರು ಮರಳಿ ಬಂದು ಈ ಕೊರತೆಯನ್ನು ತುಂಬಿಕೊಡುತ್ತಿತ್ತು. ಈಗ ಮರಳಿ ಬರಬೇಕಾದ ನೀರೇ ಇಲ್ಲವಾಯಿತು. 1975ರಲ್ಲಿ, ಭಾರತವು ಗಂಗೆಗೆ ಅಡ್ಡಲಾಗಿ ಕಟ್ಟಿದ ಫರಕ್ಕಾದ ಅಣೆಕಟ್ಟು ಕಾರ್ಯಾರಂಭ ಮಾಡಿದುದರಿಂದ ಬೇಸಗೆಯ ಸಿಹಿನೀರು ಮತ್ತಷ್ಟು ಕಡಿಮೆಯಾಯಿತು. ಕೇಡಿನ ಹೆಚ್ಚಿನ ಪಾಲು ಫರಕ್ಕಾದ್ದೇ ಏರಿಗಳದ್ದೇ ಎಂಬ ಚರ್ಚೆ ಇಂದಿಗೂ ನಡೆದಿದೆ, ಅದರಲ್ಲಿ ರಾಜಕೀಯವೂ ಬೆರೆತಿದೆ. ಗಂಗೆಯಿಂದ ಬಹಳ ಹಿಂದೆಯೇ ಬೇರ್ಪಟ್ಟಿದ್ದ ಹರಿನದಿಯಂಥವು ಏರಿಗಳು ಎದ್ದ ಎರಡು ದಶಕಗಳಲ್ಲಿಯೇ ಹೂತುಹೋದುದನ್ನು ನೋಡಿದರೆ, ಈ ಪ್ರದೇಶದ ಮಟ್ಟಿಗೆ ಏರಿಗಳೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

1980ರ ದಶಕದ ಹೊತ್ತಿಗೆ ನದಿಯ ತಳವು ಏರಿಯೊಳಗಿನ ಹೊಲಕ್ಕಿಂತ ಮೇಲಾಯಿತು. ಹೊಸ ಮಣ್ಣು ಕಾಣದ ಹೊಲವಾದರೋ ತನ್ನ ಭಾರಕ್ಕೆ ತಾನೇ ಕುಸಿಯುತ್ತ ಇನ್ನಷ್ಟು ತಗ್ಗಾಗುತ್ತಿದ್ದಿತು. ತೂಬಿನ ಬಾಗಿಲುಗಳ ಮುಂದೆ ಆಳೆತ್ತರದ ಹೂಳು ನಿಂತು ಅವು ತೆರೆಯಲಾರದಾದುವು. ಸುರಿದ ಮಳೆ ಸುರಿದಲ್ಲಿಯೇ ನಿಂತಿತು. ಖುಲ್ನಾ ಜೆಸ್ಸೋರ್ ಪ್ರದೇಶದಲ್ಲಿ ಸುಮಾರು 1 ಲಕ್ಷ ಹೆಕ್ಟೇರ್ ಭೂಮಿ ಹೀಗೆ ಜಲಾವೃತವಾಯಿತೆಂದು ಲೆಕ್ಕ. ಲೆಕ್ಕದಲ್ಲಿ ಕಾಣದ ಸಂಗತಿಗಳಿವೆ. ವರ್ಷದಲ್ಲಿ ಹಲವು ತಿಂಗಳು ಅಂಗಳದಲ್ಲಿ ನೀರು. ಅಡಿಗೆಮನೆಯ ಒಲೆಯನ್ನು ಅಟ್ಟಣೆಯ ಮೇಲೆ ಹೂಡಬೇಕು, ದನಗಳಿಗೆ ಮೇವಿಲ್ಲದೆ ಸಿಕ್ಕಿದ ಬೆಲೆಗೆ ಮಾರಬೇಕು, ಮಕ್ಕಳು ಶಾಲೆಗೆ ದೋಣಿಯಲ್ಲಿ ಹೋಗಬೇಕು, ಮನೆಯಲ್ಲಿ ಸಾವಾದರೆ ಹೂಳಲು ಒಣನೆಲವನ್ನು ಹುಡುಕಿಕೊಂಡು ದೂರದೂರಿಗೆ ಹೆಣವನ್ನು ಸಾಗಿಸಬೇಕು. ಒಂದು ವರ್ಷದ ಪ್ರವಾಹವನ್ನು ಸಹಿಸಬಹುದು. ಇದು ವರ್ಷ ವರ್ಷವೂ ಬಂದು ಕೂರುವ ನೀರು.

ಇದರ ಜೊತೆಗೆ ಮತ್ತೊಂದು ಬಾಧೆ ಸೇರಿಕೊಂಡಿತು. ವಿದೇಶಗಳಲ್ಲಿ ಸಿಗಡಿಗೆ ಬೆಲೆ ಬಂದುದರಿಂದ ಹಣವಂತರು ಏರಿಗಳನ್ನು ಅಲ್ಲಲ್ಲಿ ತೂತುಮಾಡಿ, ಹೊಲಗಳೊಳಗೆ ಉಪ್ಪುನೀರನ್ನು ನಿಲ್ಲಿಸಿ, ಸಿಗಡಿಯ ಕೆರೆಗಳನ್ನು ಮಾಡತೊಡಗಿದರು. ಇದನ್ನು ವಿರೋಧಿಸಿದ ಬಡ ರೈತರ ಮೆರವಣಿಗೆಯ ಮುಂದಾಳಾಗಿದ್ದ ಕರುಣಾಮಯಿ ಸರ್ದಾರ್ ಎಂಬ ಹೆಣ್ಣುಮಗಳು 1990ರ ನವೆಂಬರ್ 7ರಂದು ಹರಿಣಖೋಲಾದಲ್ಲಿ ಕೊಲೆಯಾದಳು. ನೀರನ್ನು ಒಳಬಿಡುವುದೆಂದರೆ ಯಾರ ಹಿತಕ್ಕಾಗಿ, ಎಷ್ಟು ಕಾಲ, ಯಾರ ಒಪ್ಪಿಗೆಯ ಮೇಲೆ ಎಂಬ ಸಂಶಯವು ಆ ನಾಡಿನ ಜನರ ಮನಸ್ಸಿನಲ್ಲಿ ಬೇರೂರಲು ಇಂಥ ಅನುಭವಗಳೇ ಕಾರಣ. ಮುಂದಿನ ಘಟನೆಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಅದೇ 1990ರ ಸೆಪ್ಟೆಂಬರಿನಲ್ಲಿ, ಖುಲ್ನಾ ನಗರಕ್ಕೆ ಸಮೀಪದ ಡಾಕಾತಿಯಾ ಬೀಲಿನಲ್ಲಿ, ಮನವಿಗಳನ್ನು ಕೊಟ್ಟು ಕೊಟ್ಟು ಬೇಸತ್ತ ಸಾವಿರಾರು ಜನ ಗುದ್ದಲಿಗಳನ್ನು ಹಿಡಿದು ಬಂದು ಏರಿಯನ್ನು ಹಲವೆಡೆ ಕಡಿದರು. ಕಾನೂನಿನ ದೃಷ್ಟಿಯಲ್ಲಿ ಅದು ಸರಕಾರದ ಆಸ್ತಿಯ ನಾಶ. ನಿಂತ ನೀರು ಹೊರಗೆ ಹರಿಯಿತು, ಭರತವು ಒಳಗೆ ಬಂದಿತು, ಕಡಿದ ಕಂಡಿಗಳಿಗೆ ಸಮೀಪದ ನೆಲವು ಹೂಳಿನಿಂದ ಎದ್ದಿತು, ಬೀಲಿನ ಪಕ್ಕದ ಹಾಮ್ಕುಡಾ ನದಿಯು ಮರುಜೀವ ಪಡೆಯಿತು. ಆದರೆ ಬೀಲು ವಿಶಾಲವಾದುದು. ದೂರದ ಭಾಗಗಳಿಗೆ ಮಣ್ಣು ತಲುಪಲಿಲ್ಲ, ಉಪ್ಪುನೀರು ಮಾತ್ರ ತಲುಪಿತು. ಕೆಲವು ವರ್ಷಗಳಲ್ಲಿ ಕಂಡಿಗಳನ್ನು ಮುಚ್ಚಲಾಯಿತು. ಮುಚ್ಚಿದ ಮೇಲೆ ಹಾಮ್ಕುಡಾ ಮತ್ತೆ ಹೂತುಹೋಗಿ, ದೋಣಿಗಳು ಓಡಾಡುತ್ತಿದ್ದ ಅದರ ಪಾತ್ರದಲ್ಲಿ ಜನ ಬೆಳೆ ಇಟ್ಟರು, ಮನೆ ಕಟ್ಟಿದರು. ಅರ್ಧ ಸಫಲವೂ ಅರ್ಧ ವಿಫಲವೂ ಆದ ಈ ಪ್ರಯೋಗದಲ್ಲಿ, ಅದನ್ನು ನೋಡಬಲ್ಲವರಿಗೆ, ಎರಡರ ಪಾಠಗಳೂ ಇದ್ದುವು.

1990ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಖುಲ್ನಾ ಜೆಸ್ಸೋರ್ ಪ್ರದೇಶದ ನೀರಿಳಿತವನ್ನು ಸರಿಪಡಿಸುವ ಯೋಜನೆಯು ಕೈಗೊಳ್ಳಲ್ಪಟ್ಟಾಗ, ತಜ್ಞರು ಮೊದಲು ನೆಚ್ಚಿದುದು ಇನ್ನಷ್ಟು ತೂಬುಗಳನ್ನೂ ನದಿಯ ಹೂಳೆತ್ತುವುದನ್ನೂ. ಹಳ್ಳಿಗರು ಸಭೆ ಸಭೆಯಲ್ಲಿ ಎದ್ದು ನಿಂತು, ನದಿಗೆ ಬೀಲನ್ನು ಕೊಡಿ, ನದಿ ತನ್ನ ಹೂಳನ್ನು ತಾನೇ ಎತ್ತಿಕೊಳ್ಳುತ್ತದೆ ಎಂಬ ಅರ್ಥದ ಮಾತನ್ನೇ ಹೇಳುತ್ತಿದ್ದರು. ತಾಲಾ ಊರಿನ ಉತ್ತರಣ್ ಎಂಬ ಸಂಸ್ಥೆಯೂ, ರೈತರೇ ಸೇರಿದ ಪಾನಿ ಕಮಿಟಿಯೂ ಆ ಮಾತನ್ನು ಅಧಿಕಾರಿಗಳವರೆಗೆ ಒಯ್ದುವು. ಮಾತು ಕಿವಿಗೆ ಬೀಳಲಿಲ್ಲ. 1997ರ ಅಕ್ಟೋಬರ್ 29ರಂದು ಜನರು ಹರಿನದಿಯ ದಡದ ಭಾಯನಾ ಬೀಲಿನ ಏರಿಯನ್ನು ಕಡಿದರು.

ಆ ಕೆಲಸವು ಮೊದಲು ಬಹಳ ಚಿಕ್ಕದಾಗಿ ಕಂಡಿರಬೇಕು. ಗುದ್ದಲಿಯಿಂದ ತೋಡಿದ ಕಾಲುವೆಯೊಂದು. ಅದರಲ್ಲಿ ಭರತದ ನೀರು ಕಂದುಬಣ್ಣವಾಗಿ ಒಳಕ್ಕೆ ಹರಿದು, ಆರು ಗಂಟೆಗಳ ಮೇಲೆ ಬಣ್ಣ ತಿಳಿಯಾಗಿ ಹೊರಕ್ಕೆ ಬರುವುದು. ಒಂದು ಭರತವು ಬಿಟ್ಟುಹೋಗುವ ಮಣ್ಣು ಬೆರಳಿಗೆ ಹತ್ತುವಷ್ಟು ತೆಳುವಾದ ಪದರ. ಆದರೆ ವರ್ಷಕ್ಕೆ ಏಳುನೂರಕ್ಕೆ ಮಿಕ್ಕು ಭರತಗಳುಂಟು. ಸುಮಾರು 600 ಹೆಕ್ಟೇರುಗಳ ಆ ಬೀಲು ನಾಲ್ಕು ವರ್ಷಗಳಲ್ಲಿ, ಕಂಡಿಗೆ ಹತ್ತಿರದ ಭಾಗದಲ್ಲಿ, 1.5 ಮೀಟರಿಗೂ ಹೆಚ್ಚು ಮೇಲೆದ್ದಿತು. ದೂರದಂಚಿನಲ್ಲಿ ಏರಿಕೆ ಅದಕ್ಕಿಂತ ಬಹಳ ಕಡಿಮೆ. ಯಾವ ಯಂತ್ರವೂ ಮುಟ್ಟದ ಹರಿನದಿಯು ಇಳಿತದ ಬಲದಿಂದಲೇ ತನ್ನ ತಳವನ್ನು ಕೊರೆದುಕೊಂಡು ಕೆಲವೆಡೆ 10 ಮೀಟರಿಗೂ ಮೀರಿ ಆಳವಾಯಿತು. ನದಿಯ ಮೇಲ್ಭಾಗದ ಹತ್ತಾರು ಬೀಲುಗಳಲ್ಲಿ ನಿಂತಿದ್ದ ನೀರು ಇಳಿಯಿತು. 2001ರ ಡಿಸೆಂಬರಿನಲ್ಲಿ ಕಂಡಿಯನ್ನು ಮುಚ್ಚಿದಾಗ, ಭಾಯನಾದ ರೈತರು ವರ್ಷಾನುವರ್ಷ ಮುಳುಗಿದ್ದ ತಮ್ಮ ಹೊಲಗಳಲ್ಲಿ ಮತ್ತೆ ಬತ್ತ ನೆಟ್ಟರು.

1998ರಲ್ಲಿಯೇ ಯೋಜನೆಯ ಪರಿಸರ ಪರಿಶೀಲಕರು ಇದನ್ನು ಅಳೆದು ನೋಡಿ, ಇದೇ ಸರಿಯಾದ ಮಾರ್ಗವೆಂದು ಒಪ್ಪಿ, ಭರತನದಿ ನಿರ್ವಹಣೆಯೆಂಬ ಅರ್ಥದ ಒಂದು ಇಂಗ್ಲಿಷ್ ಹೆಸರನ್ನೂ ಇಟ್ಟರು. ಜನರ ಅಪರಾಧವು ಸರಕಾರದ ನೀತಿಯಾಯಿತು. ನೀರಿನ ಎಂಜಿನಿಯರಿಂಗಿನ ಇತಿಹಾಸದಲ್ಲಿ ಇಂಥ ಪರಿವರ್ತನೆ ವಿರಳವಾದುದು; ಗುದ್ದಲಿ ಹಿಡಿದವರ ತಿಳಿವಳಿಕೆಗೆ ತಲೆಬಾಗಿದ ಆ ಪರಿಶೀಲಕರ ಪ್ರಾಮಾಣಿಕತೆಯನ್ನೂ ಇಲ್ಲಿ ಗೌರವದಿಂದ ಸ್ಮರಿಸಬೇಕು.

ನೀತಿಯಾದ ಮೇಲೆ ಅದರ ಪ್ರಾಣವಾಗಿದ್ದ ಒಂದು ಅಂಶವು ಮಾತ್ರ ಜಾರಿಹೋಯಿತು. ಭಾಯನಾದಲ್ಲಿ ನೀರು ಬಿಡಲು ನಿರ್ಧರಿಸಿದವರು ಮುಳುಗಿದ್ದವರೇ. ಇನ್ನು ಮುಂದೆ ನಿರ್ಧರಿಸಬೇಕಾದವರು ಕಚೇರಿಯವರು, ಮುಳುಗಬೇಕಾದವರು ಬೇರೆಯವರು. ಒಂದು ಬೀಲು ತುಂಬಿದ ಕೂಡಲೆ ಇನ್ನೊಂದನ್ನು ತೆರೆಯುತ್ತ ಸರದಿಯಂತೆ ಸಾಗಿದರೆ ನದಿ ಎಂದಿಗೂ ಹೂತುಹೋಗದು. ನಡುವೆ ಬಿಡುವು ಬಿದ್ದರೆ ಒಂದೆರಡು ಬೇಸಗೆಗಳಲ್ಲಿಯೇ ಎಲ್ಲವೂ ವ್ಯರ್ಥ. ಭಾಯನಾದ ಮೇಲೆ 2002ರಲ್ಲಿ ಕೇದಾರಿಯಾ ಬೀಲನ್ನು ಆರಿಸಿ, ಭವದಹದ ತೂಬಿನ ಮೂಲಕವೇ ನೀರು ಬಿಡಲಾಯಿತು. ತೂಬಿನ ಇಕ್ಕಟ್ಟಿನಲ್ಲಿ ಹೂಳು ಬೀಲಿಗೆ ಸರಿಯಾಗಿ ಹರಡಲಿಲ್ಲ. 2005ರ ಆರಂಭದಲ್ಲಿ ಅದನ್ನು ಮುಚ್ಚಿದಾಗ ಮುಂದಿನ ಬೀಲು ಸಿದ್ಧವಿರಲಿಲ್ಲ. ನದಿ ಮತ್ತೆ ಹೂತುಹೋಯಿತು, ಮಳೆ ಬಂದಿತು, ಭವದಹದ ಸುತ್ತಲಿನ ಹಳ್ಳಿಗಳು ಹಿಂದೆ ಕಾಣದಷ್ಟು ಮುಳುಗಿದುವು. ಆ ಮೇಲೆ, 2006ರ ಕೊನೆಯಲ್ಲಿ, ಪೂರ್ವ ಖುಕ್ಷಿಯಾ ಬೀಲನ್ನು ಅವಸರವಾಗಿ ತೆರೆದರು.

ಖುಕ್ಷಿಯಾದ ರೈತರಿಗೆ ಹೇಳಿದುದು ಮೂರು ವರ್ಷ. ನೀರು ನಿಂತುದು ಅದರ ಇಮ್ಮಡಿಯಷ್ಟು ಕಾಲ. ಬೆಳೆಯಿಲ್ಲದ ವರ್ಷಗಳಿಗೆ ಪರಿಹಾರ ಕೊಡುವುದಾಗಿ ಸರಕಾರವು ಘೋಷಿಸಿದ್ದಿತು. ಅದನ್ನು ಪಡೆಯುವ ರೀತಿ ಹೇಗಿದ್ದಿತೆಂದರೆ, ಹೊಲ ತನ್ನದೆಂಬುದಕ್ಕೆ ತನ್ನ ಹೆಸರಿನ ಖಾತೆಯನ್ನು ರೈತನು ಜಿಲ್ಲಾ ಕಚೇರಿಯಲ್ಲಿ ಹಾಜರುಪಡಿಸಬೇಕು. ತಾತನ ಹೆಸರಿನಲ್ಲಿಯೇ ಉಳಿದ ಖಾತೆ, ಅಣ್ಣತಮ್ಮಂದಿರಲ್ಲಿ ಬಾಯಿಮಾತಿನಿಂದಾದ ಪಾಲು, ದೇಶವಿಭಜನೆಯ ಅನಂತರ ಗಡಿಯಾಚೆ ಹೋದ ದಾಯಾದಿಯ ಹೆಸರು, ಕಂದಾಯದ ಬಾಕಿ, ಇವುಗಳಲ್ಲಿ ಒಂದಿದ್ದರೂ ಅರ್ಜಿ ಹಿಂದಕ್ಕೆ ಬರುವುದು. ಸಣ್ಣ ಹಿಡುವಳಿದಾರನಿಗೆ ಸಿಗಬೇಕಾದ ಮೊತ್ತಕ್ಕಿಂತ ಪತ್ರ ಸರಿಪಡಿಸುವ ವೆಚ್ಚವೂ ಓಡಾಟವೂ ಹೆಚ್ಚಾದುದರಿಂದ ಬಹುಮಂದಿ ಕೈಬಿಟ್ಟರು. ಗೇಣಿಗೆ ಮಾಡುತ್ತಿದ್ದವನಿಗೂ ಕೂಲಿಯವನಿಗೂ ಆ ಪಟ್ಟಿಯಲ್ಲಿ ಸ್ಥಾನವೇ ಇರಲಿಲ್ಲ. ಕಂಡಿಗೆ ಹತ್ತಿರದವನ ಹೊಲ ಎದ್ದಿತು, ದೂರದವನದು ನೀರಿನಲ್ಲಿಯೇ ಉಳಿಯಿತು. ಸಿಗಡಿ ಕೃಷಿಯ ಧನಿಕರಿಗೆ ನೀರು ನಿಂತಷ್ಟೂ ಲಾಭ.

ಈ ಸುದ್ದಿ ನೆರೆಯ ಕಪಾಲಿಯಾ ಬೀಲಿಗೆ ತಲುಪದೆ ಇರುವುದುಂಟೆ? ಮುಂದಿನ ಸರದಿ ನಿಮ್ಮದೆಂದು ಹೇಳಲು 2012ರ ಜೂನಿನಲ್ಲಿ ಬಂದ ಜನಪ್ರತಿನಿಧಿಯನ್ನೂ ಅಧಿಕಾರಿಗಳನ್ನೂ ಅಲ್ಲಿಯ ಜನ ತಡೆದರು. ಘರ್ಷಣೆಯಾಯಿತು, ವಾಹನಗಳು ಸುಟ್ಟುಹೋದುವು, ಕಪಾಲಿಯಾದ ಕೆಲಸ ಅಲ್ಲಿಗೆ ನಿಂತಿತು. ಹದಿನೈದು ವರ್ಷಗಳ ಹಿಂದೆ ಏರಿ ಕಡಿಯುವುದಕ್ಕಾಗಿ ಹೋರಾಡಿದ ರೈತರ ನೆರೆಹೊರೆಯವರೇ ಈಗ ಏರಿ ಕಡಿಯಬಾರದೆಂದು ಹೋರಾಡಿದರು. ಇದನ್ನು ಅಜ್ಞಾನವೆಂದು ಬರೆದವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಹೂಳಿನ ಗುಣವನ್ನು ಕಪಾಲಿಯಾದವರು ಚೆನ್ನಾಗಿ ಬಲ್ಲರು, ಖುಕ್ಷಿಯಾದ ಅರ್ಜಿಗಳ ಗತಿಯನ್ನೂ ಅಷ್ಟೇ ಚೆನ್ನಾಗಿ ಬಲ್ಲರು.

ಇದೇ ಕಾಲದಲ್ಲಿ ಹೂಳಿನ ಶಕ್ತಿಗೆ ನಿರೀಕ್ಷಿಸದ ಕಡೆಯಿಂದ ಪ್ರಮಾಣ ಒದಗಿತು. 2009ರ ಮೇ 25ರಂದು ಐಲಾ ಚಂಡಮಾರುತವು ಖುಲ್ನಾ ಜಿಲ್ಲೆಯ ದಾಕೋಪದ 32ನೆಯ ಪೋಲ್ಡರಿನ ಏರಿಯನ್ನು ಒಡೆಯಿತು. ದುರಸ್ತಿಯಾಗುವವರೆಗೆ ಸುಮಾರು ಎರಡು ವರ್ಷ ಭರತವು ನಿರಾತಂಕವಾಗಿ ಒಳಗೆ ಆಡಿತು. ಆ ಮೇಲೆ ಅಳೆದುನೋಡಿದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದಂತೆ, ಏರಿಯೊಳಗಿನ ನೆಲವು ನೆರೆಯ ಸುಂದರವನದ ನೆಲಕ್ಕಿಂತ 1ರಿಂದ 1.5 ಮೀಟರಿನಷ್ಟು ತಗ್ಗಾಗಿದ್ದಿತು. ಏರಿಯಿಲ್ಲದ ಕಾಡು ವರ್ಷ ವರ್ಷವೂ ಮಣ್ಣು ಪಡೆದು ಕಡಲಿಗೆ ಸಮನಾಗಿ ಏರುತ್ತಿದ್ದಿತು. ಒಡೆದ ಏರಿಯೊಳಗೆ ಎರಡೇ ವರ್ಷಗಳಲ್ಲಿ ಹತ್ತಾರು ಸೆಂಟಿಮೀಟರ್ ಹೂಳು ತುಂಬಿದ್ದಿತು. ಸಮುದ್ರವು ಏರುತ್ತಿರುವ ಈ ಕಾಲದಲ್ಲಿ ಇಲ್ಲಿಯ ನೆಲವನ್ನು ಮೇಲೆತ್ತಬಲ್ಲದು ಈ ಕೆಸರೊಂದೇ.

2015ರಲ್ಲಿ ಕಪೋತಾಕ್ಷದ ಉದ್ಧಾರಕ್ಕಾಗಿ ಸಾತಖೀರಾ ಜಿಲ್ಲೆಯ ಪಾಖಿಮಾರಾ ಬೀಲನ್ನು ತೆರೆದರು. ಇಲ್ಲಿ ಪರಿಹಾರದ ಹಣವನ್ನು ಯೋಜನೆಯ ಲೆಕ್ಕದಲ್ಲಿ ಮೊದಲೇ ಸೇರಿಸಿದ್ದರು. ನದಿ ಹರಿಯಿತು, ಕಪೋತಾಕ್ಷದ ಎರಡೂ ದಡಗಳ ಬಹು ಗ್ರಾಮಗಳು ನೀರಿನಿಂದ ಮೇಲೆದ್ದುವು; ಆದರೂ ನೀರು ನಿಂತ ಎಲ್ಲ ವರ್ಷಗಳಿಗೂ ಹಣ ಸಲ್ಲಲಿಲ್ಲವೆಂಬ ದೂರು ಪಾಖಿಮಾರಾದ ರೈತರದು. 2018ರಲ್ಲಿ ಬಾಂಗ್ಲಾದೇಶ ಸರಕಾರವು ಅಂಗೀಕರಿಸಿದ 2100ರವರೆಗಿನ ಡೆಲ್ಟಾ ಯೋಜನೆಯಲ್ಲಿ ಬೀಲುಗಳನ್ನು ಭರತಕ್ಕೆ ತೆರೆಯುವ ಕ್ರಮಕ್ಕೆ ಸ್ಥಾನ ದೊರೆತಿದೆ. ಭವದಹದಲ್ಲಿಯಾದರೋ ಆ 21 ಕಂಡಿಗಳ ತೂಬಿನ ಬಳಿ ಈಗ ವಿದ್ಯುತ್ ಪಂಪುಗಳನ್ನು ಹೂಡಿ ಮಳೆನೀರನ್ನು ಎತ್ತಿ ನದಿಗೆ ಸುರಿಯುತ್ತಿದ್ದಾರೆ, ಅಗೆಯುವ ಯಂತ್ರಗಳಿಂದ ನದಿಯ ಹೂಳನ್ನು ತೆಗೆಯುತ್ತಿದ್ದಾರೆ. ಮುಂದಿನ ಬೇಸಗೆಯ ಭರತವು ತೆಗೆದಷ್ಟನ್ನೂ ಮರಳಿ ತರುತ್ತಿದೆ. ಯಾವ ಬೀಲಿನ ಅನಂತರ ಯಾವ ಬೀಲು, ಎಷ್ಟು ವರ್ಷ, ನೀರು ಬಿಡುವ ಮೊದಲೇ ಯಾರ ಕೈಗೆ ಎಷ್ಟು ಹಣ, ಗೇಣಿದಾರನ ಪಾಲೇನು ಎಂಬುದನ್ನೆಲ್ಲ ಬರೆದು ಊರವರ ಒಪ್ಪಿಗೆ ಪಡೆದ ಪಟ್ಟಿಯೊಂದನ್ನು ಭವದಹದ ಜನ ಇನ್ನೂ ಕೇಳುತ್ತಿದ್ದಾರೆ.